ಸರಪಂಚರ ಸಹಿ ಬೇಕಂತೆ!

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಮ್ಮದು ಬ್ಯಾಡಗಿ ತಾಲೂಕಿನ ಒಂದು ಹಳ್ಳಿ. ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಸಣ್ಣ ದಲಾಲಿ ಅಂಗಡಿ ಇದೆ. ಮಗ ಅಮೆರಿಕದಲ್ಲಿ ಎಂ.ಎಸ್. ಮುಗಿಸಿ ಮೂರು ವರ್ಷ ಕೆಲಸ ಮಾಡಿದ. ಎಚ್-1ಬಿ ಅನ್ನುವ ಕೆಲಸದ ವೀಸಾದ ಲಾಟರಿಯಲ್ಲಿ ಒಮ್ಮೆಯೂ ಹೆಸರು ಬರಲಿಲ್ಲ. ಓದು ಮುಗಿದ ಮೇಲೆ ಕೆಲಸ ಮಾಡಲು ಕೊಡುವ ಅವಧಿ, ಓಪಿಟಿ, ಮುಗಿಯುತ್ತಾ ಬಂತು. ಅಲ್ಲಿ ಒಬ್ಬರು ಇಮಿಗ್ರೇಷನ್ ಲಾಯರ್ ಇದ್ದಾರಂತೆ. ‘ಅಸೈಲಂ (ಊರಲ್ಲಿ ಜೀವಭಯ ಇದೆ ಅಂತ ಆಶ್ರಯ ಕೇಳುವ ಅರ್ಜಿ) ಹಾಕು, ವರ್ಕ್ ಪರ್ಮಿಟ್ ಸಿಗುತ್ತೆ, ಕೇಸು ನಡೆಯುವಷ್ಟು ವರ್ಷ ಇಲ್ಲೇ ಇರಬಹುದು’ ಅಂದಿದ್ದಾರೆ. ಆರು ಸಾವಿರ ಡಾಲರ್ ಕೇಳುತ್ತಾರೆ. ಅರ್ಜಿ ಮೇಲೆ ಅವರ ಸಹಿ ಇರುವುದಿಲ್ಲವಂತೆ. ಇಲ್ಲಿಂದ ಒಂದು ಎಫ್‌ಐಆರ್, ಪಂಚಾಯಿತಿಯಿಂದ ಒಂದು ಪತ್ರ ಕಳಿಸಬೇಕಂತೆ. ಅವರು ಕೊಟ್ಟ ನಮೂನೆ ಜೊತೆಗಿಟ್ಟಿದ್ದೇನೆ. ಮಗನಿಗೆ ಊರಲ್ಲಿ ಯಾರ ಭಯವೂ ಇಲ್ಲ. ಆದರೆ ಮನೆ ಮೇಲೆ ಸಾಲ ಇದೆ. ಏನು ಮಾಡಲಿ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಅಣ್ಣಾವರೇ, ನಿಮ್ಮ ಪತ್ರಕ್ಕಿಂತ ಆ ನಮೂನೆಯನ್ನೇ ಜಾಸ್ತಿ ಹೊತ್ತು ಓದಿದೆ. ಒಂದೇ ಪುಟ. ಹೆಸರಿನ ಜಾಗದಲ್ಲಿ ಖಾಲಿ ಗೆರೆ. ‘ಈತ ಪಕ್ಷದ ಸಕ್ರಿಯ ಕಾರ್ಯಕರ್ತ. ವಿರೋಧಿಗಳು ಎರಡು ಸಲ ಹೊಡೆದಿದ್ದಾರೆ. ಪೊಲೀಸರು ದೂರು ತೆಗೆದುಕೊಳ್ಳಲಿಲ್ಲ.’ ಕೆಳಗೆ ಸಹಿ ಮಾಡಲು ‘ಸರಪಂಚ್’, ಅದರ ಕೆಳಗೆ ‘ತೆಹಸಿಲ್’. ನಮ್ಮ ಕಡೆ ಸರಪಂಚ್ ಎಲ್ಲಿದ್ದಾರೆ? ಗ್ರಾಮ ಪಂಚಾಯಿತಿಗೆ ಅಧ್ಯಕ್ಷರಿದ್ದಾರೆ, ಪಿಡಿಒ ಇದ್ದಾರೆ. ಉತ್ತರದ ಯಾರಿಗೋ ಹೊಲಿದ ಅಂಗಿಯನ್ನು ನಿಮ್ಮ ಮಗನಿಗೆ ತೊಡಿಸಲು ಹೊರಟಿದ್ದಾರೆ. ಇನ್ನೂ ಒಂದಿದೆ. ಪೊಲೀಸರು ದೂರೇ ತೆಗೆದುಕೊಳ್ಳಲಿಲ್ಲ ಅಂದ ಮೇಲೆ ಅದೇ ಗಲಾಟೆಗೆ ಎಫ್‌ಐಆರ್ ಎಲ್ಲಿಂದ ಬರಬೇಕು? ಬರೆದವರು ತಾವು ಬರೆದದ್ದನ್ನು ಮತ್ತೊಮ್ಮೆ ಓದಿಲ್ಲ. ಅಲ್ಲಿಯ ಅಸೈಲಂ ಅಧಿಕಾರಿ ಓದುತ್ತಾರೆ. ಒಂದೇ ಅಚ್ಚಿನ ಇಂಥ ಪತ್ರ ಅವರ ಮೇಜಿಗೆ ಹೊಸದೇನಲ್ಲ. ಎಫ್‌ಐಆರ್‌ಗಳನ್ನು ವೆಬ್‌ಸೈಟಿಗೆ ಹಾಕಬೇಕು ಅಂತ ನಮ್ಮ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಸುಳ್ಳು ನಂಬರನ್ನು ಯಾರು ಬೇಕಾದರೂ ಕೂತಲ್ಲೇ ತಾಳೆ ನೋಡಬಹುದು.

ನಾನು ಧಾರವಾಡದಲ್ಲಿ ವಕೀಲಿ ಮಾಡುವವಳು, ಅಮೆರಿಕದ ಕೋರ್ಟಿನಲ್ಲಿ ನಿಲ್ಲುವವಳಲ್ಲ. ಆದರೂ ಈ ಕಾನೂನಿನ ಬುಡ ಎಲ್ಲ ಕಡೆ ಒಂದೇ. 1951ರ ನಿರಾಶ್ರಿತರ ಒಪ್ಪಂದದಿಂದ ಬಂದದ್ದು. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ಇಲ್ಲವೇ ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿದ್ದು – ಈ ಐದರಲ್ಲಿ ಒಂದರ ಕಾರಣಕ್ಕೆ ಊರಲ್ಲಿ ಹಿಂಸೆ ಆಗುತ್ತದೆ ಅನ್ನುವ ಗಟ್ಟಿ ಭಯ ಇರಬೇಕು. ಸಾಲ, ಕೆಲಸ, ಲಾಟರಿ ಇದರಲ್ಲಿ ಬರುವುದಿಲ್ಲ. ಮನೆ ಹೋಗುತ್ತದೆ ಅನ್ನುವ ನಿಮ್ಮ ಸಂಕಟ ನಿಜವೇ. ಆದರೆ ಅದಕ್ಕೆ ಮದ್ದು ಈ ಕಾನೂನಿನಲ್ಲಿಲ್ಲ.

ವರ್ಕ್ ಪರ್ಮಿಟ್ ಅನ್ನುವುದೇ ಇಲ್ಲಿ ಗಾಳಕ್ಕೆ ಹಾಕಿದ ಎರೆ. ಅರ್ಜಿ ಹಾಕಿ 180 ದಿನ ಆಗುವ ಮುಂಚೆ ಅದನ್ನು ಕೊಡಬಾರದು ಅಂತ ಅಲ್ಲಿಯ ಕಾನೂನಿನಲ್ಲಿದೆ. ಅಷ್ಟರಲ್ಲಿ ಮಗನ ಓಪಿಟಿ ಮುಗಿದಿರುತ್ತದೆ. ಅಧಿಕಾರಿ ಅರ್ಜಿ ಒಪ್ಪದಿದ್ದರೆ, ಬೇರೆ ವೀಸಾ ಇಲ್ಲದವನ ಕಡತ ಸೀದಾ ಇಮಿಗ್ರೇಷನ್ ಕೋರ್ಟಿಗೆ ಹೋಗುತ್ತದೆ. ಅದು ಗಡೀಪಾರಿನ ಕೇಸು. ಅಲ್ಲಿ ಸರ್ಕಾರ ವಕೀಲರನ್ನು ಕೊಡುವುದಿಲ್ಲ, ಖರ್ಚೆಲ್ಲ ನಿಮ್ಮದೇ. ಆರು ಸಾವಿರ ಡಾಲರ್ ಅನ್ನುವುದು ಮೊದಲ ಕಂತು ಅಂತ ಇಟ್ಟುಕೊಳ್ಳಿ.

ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇದೆ. ಬೇಕಂತಲೇ ಸುಳ್ಳು ಕಥೆ ಕಟ್ಟಿದ್ದಾನೆ ಅಂತ ತೀರ್ಮಾನವಾದರೆ, ಅಮೆರಿಕದ ವಲಸೆ ಕಾನೂನಿನ ಸವಲತ್ತುಗಳು ಆತನಿಗೆ ಶಾಶ್ವತವಾಗಿ ಮುಚ್ಚಬಹುದು. ಮುಂದೆ ಒಳ್ಳೆಯ ಕಂಪನಿ ಕರೆದರೂ, ಅಲ್ಲಿಯ ಹುಡುಗಿಯನ್ನೇ ಮದುವೆಯಾದರೂ ಇದು ಅಡ್ಡ ನಿಲ್ಲುತ್ತದೆ. ಐ-589 ಅನ್ನುವ ಆ ಅರ್ಜಿಯ ಮೇಲೇ ಈ ಎಚ್ಚರಿಕೆ ಅಚ್ಚಾಗಿದೆ. ಸಹಿ ಮಾಡುವವನು ನಿಮ್ಮ ಮಗ. ಬೇರೆಯವರು ತುಂಬಿಕೊಟ್ಟರೆ ಅವರೂ ಅದೇ ಅರ್ಜಿಯಲ್ಲಿ ಸಹಿ ಹಾಕಬೇಕು. ಹಾಕುವುದಿಲ್ಲ ಅಂದರೆ ಯಾಕೆ ಅಂತ ಕೇಳಲಿ. ವಕೀಲರೇ ಹೌದೋ ಅಲ್ಲವೋ ಅನ್ನುವುದನ್ನು ಅವರು ಲೈಸೆನ್ಸ್ ಪಡೆದ ರಾಜ್ಯದ ಬಾರ್‌ನ (ವಕೀಲರ ಸಂಘದ) ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು. ನನಗಂತೂ ಅನುಮಾನವಿದೆ.

ಇನ್ನು ನಿಮ್ಮ ಪಾಲು. ಠಾಣೆಗೆ ಹೋಗಿ ಸುಳ್ಳು ದೂರು ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 217ನೇ ಕಲಂ ನಿಮ್ಮ ಮೇಲೆ ಬರಬಹುದು. ಪಿಡಿಒ ಪರಿಚಯದವರೇ ಇರಬಹುದು, ಒಂದು ಸೀಲ್ ಹೊಡೆದು ಕೊಡಲೂಬಹುದು. ಆ ಪುಣ್ಯಾತ್ಮರ ನೌಕರಿಗೆ ಯಾಕೆ ಕಲ್ಲು ಹಾಕುತ್ತೀರಿ?

ಮಗನಿಗೆ ಓಪಿಟಿ ಮುಗಿದ ಮೇಲೆ 60 ದಿನ ಇರುತ್ತದೆ. ಅಲ್ಲಿವರೆಗೂ ಕಾಯದೆ ಈಗಲೇ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಮಾತಾಡಲಿ, ಅಲ್ಲಿ ದುಡ್ಡು ಕೇಳುವುದಿಲ್ಲ. ವಿಶ್ವವಿದ್ಯಾಲಯಗಳಲ್ಲಿ ಕೆಲಸ ಸಿಕ್ಕರೆ ಎಚ್-1ಬಿಗೆ ಲಾಟರಿಯ ಗೊಡವೆ ಇಲ್ಲ. ಕಂಪನಿಗೆ ಬೆಂಗಳೂರಲ್ಲಿ ಆಫೀಸು ಇದ್ದರೆ ಅದನ್ನೂ ಕೇಳಲಿ. ಸಾಲದ ಬಗ್ಗೆ ಬ್ಯಾಂಕ್ ಮ್ಯಾನೇಜರ್ ಹತ್ತಿರ ಕಂತು ಮುಂದೂಡುವ ಮಾತು ನೀವೇ ಹೋಗಿ ಆಡಿ. ಕಂತು ತಪ್ಪಿದ ಮೇಲೆ ಹೋಗುವುದಕ್ಕೂ ಮೊದಲೇ ಹೋಗುವುದಕ್ಕೂ ವ್ಯತ್ಯಾಸ ಇದೆ.

ಪ್ರಶ್ನೆ: ಅಕ್ಕಾ, ನಾನು ಗದಗ-ಬೆಟಗೇರಿಯವಳು. ಇಂಗ್ಲೆಂಡಿನಲ್ಲಿ ಓದುತ್ತಿದ್ದೇನೆ. ಬೇರೆ ಜಾತಿಯ ಸಹಪಾಠಿಯನ್ನು ಇಲ್ಲೇ ಮದುವೆಯಾದೆ. ಅಣ್ಣ, ಕಾಕಾ ಇಬ್ಬರೂ ವಾಟ್ಸಾಪ್‌ನಲ್ಲಿ ‘ಊರಿಗೆ ಕಾಲಿಟ್ಟರ ಕಡದ ಹಾಕ್ತೀವಿ’ ಅಂತ ಧ್ವನಿ ಸಂದೇಶ ಕಳಿಸಿದ್ದಾರೆ. ಕೆಲವನ್ನು ಹೆದರಿ ಅಳಿಸಿಬಿಟ್ಟೆ. ವೀಸಾ ಮುಗಿಯಲಿದೆ. ಇದು ಮನೆಯ ಜಗಳ, ಇದಕ್ಕೆಲ್ಲ ಆಶ್ರಯ ಕೇಳಬಹುದಾ? ಲಾಯರ್‌ಗೆ ದುಡ್ಡಿಲ್ಲ.

ಉತ್ತರ: ಕೇಳಬಹುದು ತಂಗಿ. ಭಯ ಸರ್ಕಾರದಿಂದಲೇ ಇರಬೇಕು ಅಂತೇನಿಲ್ಲ. ಮನೆಯವರಿಂದ ಇದ್ದು, ಪೊಲೀಸರು ಕಾಯಲಾರರು ಅಥವಾ ಕಾಯುವುದಿಲ್ಲ ಅಂತ ತೋರಿಸಿದರೆ ಪರಿಗಣಿಸುತ್ತಾರೆ. ಆದರೆ ದಾರಿ ಸಲೀಸಲ್ಲ. ಭಾರತವನ್ನು ಸುರಕ್ಷಿತ ದೇಶಗಳ ಪಟ್ಟಿಗೆ ಸೇರಿಸುತ್ತೇವೆ ಅಂತ ಬ್ರಿಟನ್ ಸರ್ಕಾರ 2023ರಲ್ಲೇ ಹೇಳಿತ್ತು.

ಒಂದು ಪ್ರಶ್ನೆಗೆ ಈಗಲೇ ಸಿದ್ಧವಾಗು: ‘ಗದಗ ಬೇಡ, ಬೆಂಗಳೂರಲ್ಲೋ ಮುಂಬೈಯಲ್ಲೋ ಯಾಕೆ ಇರಬಾರದು?’ ನಮ್ಮ ದೇಶದವರ ಅರ್ಜಿಗಳು ಜಾಸ್ತಿ ಎಡವುವುದು ಇಲ್ಲೇ. ಅಲ್ಲಿ ಯಾರು ನೆಂಟರಿದ್ದಾರೆ, ಕಾಕಾ ಯಾವ ವ್ಯವಹಾರದಲ್ಲಿದ್ದಾರೆ, ಯಾರ ಕೈ ಎಲ್ಲಿಯವರೆಗೆ ಮುಟ್ಟುತ್ತದೆ, ಈ ಹಿಂದೆ ನಿಮ್ಮನ್ನು ಹುಡುಕಿಕೊಂಡು ಬಂದಿದ್ದರಾ – ಇದನ್ನೆಲ್ಲ ನೆನಪಿಸಿಕೊಂಡು ಬರೆದಿಡು. ಇಂಥ ಜೋಡಿಗಳಿಗೆ ಪ್ರತಿ ಜಿಲ್ಲೆಯಲ್ಲಿ ವಿಶೇಷ ಘಟಕ ಬೇಕು, ಸುರಕ್ಷಿತ ಮನೆಗಳ ವ್ಯವಸ್ಥೆ ಮಾಡಿ ಅಂತ ನಮ್ಮ ಸುಪ್ರೀಂ ಕೋರ್ಟ್ ಶಕ್ತಿ ವಾಹಿನಿ ಕೇಸಿನಲ್ಲಿ 2018ರಲ್ಲಿ ಹೇಳಿದೆ. ಅದನ್ನೇ ಎತ್ತಿ ‘ನಿಮ್ಮಲ್ಲಿ ರಕ್ಷಣೆ ಇದೆಯಲ್ಲ’ ಅನ್ನಬಹುದು. ಊರಲ್ಲಿ ನಿಜಕ್ಕೂ ಏನು ನಡೆಯುತ್ತದೆ ಅನ್ನುವುದು ಆಗ ನಿನ್ನ ಬಾಯಿಂದಲೇ ಬರಬೇಕು.

ಉಳಿದ ಸಂದೇಶ ಒಂದನ್ನೂ ಅಳಿಸಬೇಡ. ನಂಬರ್, ತಾರೀಖು ಕಾಣುವ ಹಾಗೆ ಚಾಟ್ ತೆಗೆದಿಡು, ಫೋನನ್ನೂ ಬದಲಿಸಬೇಡ. ಕಾಕಾ ಹೇಗೆ ಬೈದರೋ ಹಾಗೇ ಮೊದಲು ಕನ್ನಡದಲ್ಲಿ ಬರೆಸು, ತಿದ್ದಬೇಡ. ಆಮೇಲೆ ಇಂಗ್ಲಿಷ್ ಅನುವಾದ, ಅದಕ್ಕೆ ಅನುವಾದಕರ ಸಹಿ. ಗಂಡನಿಂದ ಮಾಡಿಸಬೇಡ. ಅಳಿಸಿದ್ದನ್ನು ಅಳಿಸಿದೆ ಅಂತಲೇ ಹೇಳು, ಕಾರಣವನ್ನೂ ಹೇಳು. ಸಂದರ್ಶನಕ್ಕೆ ಕನ್ನಡ ದುಭಾಷಿ ಕೇಳು. ನಮ್ಮ ಕಡೆ ಮಾತು ಅವರಿಗೆ ಹತ್ತದಿದ್ದರೆ ಅಲ್ಲೇ ತಡೆದು ಹೇಳು. ದಾಖಲಾದ ಮೇಲೆ ಸರಿಪಡಿಸುವುದು ಕಷ್ಟ.

ದುಡ್ಡಿನ ಚಿಂತೆ ಬೇಡ. ಆಶ್ರಯದ ಕೇಸಿಗೆ ಅಲ್ಲಿ ಲೀಗಲ್ ಏಡ್ ಇದೆ, ಆದಾಯ ಕಡಿಮೆ ಇದ್ದರೆ ಸಿಗುತ್ತದೆ. ವಕೀಲರಲ್ಲದ ಸಲಹೆಗಾರರ ಹತ್ತಿರ ಹೋದರೆ ಅವರು ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿತರೇ ಅಂತ ನೋಡಿಕೊ. ಒಳ್ಳೆಯ ವಕೀಲರು ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳುತ್ತಾರೆ, ತಾರೀಖು ತಪ್ಪಿದರೆ ಗದರುತ್ತಾರೆ. ಬೇಜಾರಾಗಬೇಡ, ನಿನ್ನ ಮಾತು ಅಧಿಕಾರಿಯ ಮುಂದೆ ಅಲ್ಲಾಡದ ಹಾಗೆ ಮಾಡುವುದೇ ಅವರ ಕೆಲಸ. ಅವರನ್ನು ವೀಸಾ ಇರುವಾಗಲೇ ನೋಡು. ತಡ ಮಾಡಿದರೆ ಯಾಕೆ ತಡ ಅಂತ ಕೇಳುತ್ತಾರೆ. ಅರ್ಜಿ ಹಾಕಿದ ಮೇಲೆ ಸುಮ್ನೆ ಜಾತ್ರೆಗೆ, ಮದುವೆಗೆ ಅಂತ ಊರಿಗೆ ಬಂದು ಹೋದರೆ ಕೇಸು ಅಲ್ಲಿಗೆ ಮುಗಿಯಿತು ಅಂತಲೇ ತಿಳಿ.

ಪ್ರಶ್ನೆ: ಹುಬ್ಬಳ್ಳಿಯ ಒಬ್ಬ ಏಜೆಂಟ್ ‘ಅಸೈಲಂ ವೀಸಾ’ ಮಾಡಿಸುತ್ತೇನೆ ಅಂತ ಮುಂಗಡ ತೆಗೆದುಕೊಂಡು ಪಾಸ್‌ಪೋರ್ಟ್ ಇಟ್ಟುಕೊಂಡಿದ್ದಾನೆ. ನಂಬಬಹುದಾ?

ಉತ್ತರ: ಇಲ್ಲಿ ಕೂತು ಮಾಡಿಸುವ ಅಂಥ ವೀಸಾ ಇಲ್ಲ. ಆ ದೇಶದ ನೆಲದ ಮೇಲೋ ಗಡಿಯಲ್ಲೋ ನಿಂತು ಕೇಳುವುದು ಆಶ್ರಯ. ಅಂದರೆ ಆತ ಕಳಿಸುವುದು ಕಳ್ಳದಾರಿಯಲ್ಲಿ. 2025ರ ಫೆಬ್ರವರಿ 5ರಂದು ಅಮೆರಿಕದ ಮಿಲಿಟರಿ ವಿಮಾನ ಗಡೀಪಾರಾದ 104 ಭಾರತೀಯರನ್ನು ಅಮೃತಸರದಲ್ಲಿ ಇಳಿಸಿತು. ಕೈಗೆ ಕೋಳ ಹಾಕಿ ತಂದಿದ್ದರು, ಟಿವಿಯಲ್ಲಿ ನೀವೂ ನೋಡಿರುತ್ತೀರಿ. ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಸ್ವತ್ತು, ಅದನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಏಜೆಂಟ್‌ಗೆ ಇಲ್ಲ. ನಾಳೆಯೇ ಹೋಗಿ ವಾಪಸ್ ಕೇಳಿ. ಕೊಡದಿದ್ದರೆ ಮುಂಗಡ ಕೊಟ್ಟ ಫೋನ್‌ಪೇ ದಾಖಲೆ ಹಿಡಿದು ಠಾಣೆಗೆ ಹೋಗಿ.