'ತಿಥಿ' ಸಿನಿಮಾ ಅಪ್ಪ ಅಮ್ಮನ ಜೊತೆ ನೋಡ್ಬಹುದಾ?

ಸ್ಲೋ ಅಂತ ಯಾರೋ ಹೇಳಿದ್ರು, ಮನೆಯವರ ಜೊತೆ ನೋಡ್ಬಹುದಾ ಅಂತ ಕೇಳಿದ್ರಲ್ಲ, ಧಾರಾಳವಾಗಿ ನೋಡಿ. ಬೈಗುಳ ಇದೆ ಮಾತ್ರ, ಶುರುನಲ್ಲೇ ನೂರು ದಾಟಿದ ಅಜ್ಜ ಸೆಂಚುರಿ ಗೌಡ ಬೀದೀಲಿ ಕೂತು ಹೋಗೋ ಬರೋರನ್ನೆಲ್ಲ ಬೈತಾನೆ, ಆದ್ರೆ ಮಂಡ್ಯ ಕಡೆ ಹಳ್ಳೀಲಿ ಬೆಳೆದೋರಿಗೆ ಅದೇನೂ ಹೊಸದಲ್ಲ ಬಿಡಿ. ನಟಿಸಿರೋರು ಬಹುತೇಕ ಆ ಕಡೆಯ ಹಳ್ಳಿ ಜನಾನೇ, ಅದಕ್ಕೇ ಒಂದು ಮಾತೂ ಡೈಲಾಗ್ ಅನ್ಸಲ್ಲ. ಸೆಂಚುರಿ ಗೌಡ ಸತ್ತ ಮೇಲೆ ಹನ್ನೊಂದನೇ ದಿನದ ತಿಥಿ ಊಟಕ್ಕೆ ಅವನ ಮೊಮ್ಮಗ ತಮ್ಮಣ್ಣ ದುಡ್ಡು ಹೊಂದಿಸೋ ಪರದಾಟ, ತಮ್ಮಣ್ಣನ ಅಪ್ಪ ಗಡ್ಡಪ್ಪ ಕುರಿಗಾಹಿಗಳ ಮುಂದೆ ತನ್ನ ಹಳೇ ಕತೆ ಬಿಚ್ಚಿಡೋ ರಾತ್ರಿ, ಇವೆರಡಕ್ಕೇ ನೋಡ್ಬೇಕು. ತಮ್ಮಣ್ಣನ ಮಗ ಅಭಿ ಕುರಿಗಾಹಿ ಹುಡುಗಿ ಹಿಂದೆ ಸುತ್ತೋದು ಮಾತ್ರ ನನಗೆ ಎಳೆದಂಗೆ ಅನ್ಸ್ತು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದಿದ್ದು ಸುಮ್ನೆ ಅಲ್ಲ. ಫೋನ್ ಪಕ್ಕಕ್ಕಿಟ್ಟು ನೋಡಿ, ಸ್ಲೋ ಅನ್ಸಲ್ಲ.