ನೀರಿನ ಅಣುಗಳ ಲೆಕ್ಕ ಮತ್ತು ಸಂಶೋಧಕರ ಬದುಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಕಬ್ಬು ಬೆಳೆಯುವ ಕುಟುಂಬ. ಮಗಳು ಮೈಸೂರಿನ ಮಾನಸಗಂಗೋತ್ರಿಯಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ. ಪ್ರೋಟೀನು ಮತ್ತು ನೀರಿನ ಅಣುಗಳನ್ನು ಕಂಪ್ಯೂಟರಿನಲ್ಲಿ ಅಧ್ಯಯನ ಮಾಡಲು ಪಿಎಚ್.ಡಿ. ಸೇರುತ್ತೇನೆ ಎನ್ನುತ್ತಾಳೆ. ಪ್ರಯೋಗಾಲಯವೇ ಇಲ್ಲದ ಇದು ಎಂಥ ರಸಾಯನಶಾಸ್ತ್ರ? ಇದನ್ನು ನಂಬಿ ಕಳಿಸಬಹುದೇ?
(ಒಬ್ಬ ತಂದೆ, ಮಂಡ್ಯ)

ಉತ್ತರ: ಕಳಿಸಬಹುದು. ಆದರೆ ದಾರಿ ಬಹಳ ಉದ್ದವಾದದ್ದು ಎಂಬುದು ನಿಮಗೂ ನಿಮ್ಮ ಮಗಳಿಗೂ ಮೊದಲೇ ತಿಳಿದಿರಬೇಕು.

ಪ್ರತಿಯೊಂದು ಪರಮಾಣುವಿನ ಮೇಲೆ ಸುತ್ತಲಿನ ಪರಮಾಣುಗಳು ಹೇರುವ ಬಲವನ್ನು ಲೆಕ್ಕ ಹಾಕಿ, ನ್ಯೂಟನ್ನನ ನಿಯಮದಂತೆ ಅದು ಮುಂದಿನ ಗಳಿಗೆಯಲ್ಲಿ ಎಲ್ಲಿಗೆ ಸರಿಯುತ್ತದೆ ಎಂದು ಕಂಡುಕೊಂಡು, ಇದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತ ಹೋಗುವುದು ಈ ಶಾಸ್ತ್ರದ ಮೂಲ ವಿಧಾನ. ಒಂದೊಂದು ಹೆಜ್ಜೆಯೂ ಸುಮಾರು 2 ಫೆಮ್ಟೊಸೆಕೆಂಡಿನದು (ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲೇ ಫೆಮ್ಟೊಸೆಕೆಂಡು). ಹಾಗಾಗಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಕಾಲ ಅಣುವನ್ನು ಗಮನಿಸಲು 50 ಕೋಟಿ ಹೆಜ್ಜೆಗಳು ಬೇಕು. ಹೈದರಾಬಾದಿನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಅನೀಸುರ್ ರಹಮಾನ್ ಅವರು 1964ರಲ್ಲಿ ದ್ರವ ಆರ್ಗಾನಿನ 864 ಪರಮಾಣುಗಳ ಚಲನೆಯನ್ನು ಹೀಗೆ ಲೆಕ್ಕ ಹಾಕಿದರು. 1971ರಲ್ಲಿ ಫ್ರಾಂಕ್ ಸ್ಟಿಲಿಂಜರ್ ಅವರೊಡನೆ ನೀರಿನ 216 ಅಣುಗಳ ಲೆಕ್ಕವನ್ನು ಪ್ರಕಟಿಸಿದರು. 1977ರಲ್ಲಿ ಮೊದಲ ಬಾರಿಗೆ ಒಂದು ಪ್ರೋಟೀನಿನ ಚಲನೆಯನ್ನು ಲೆಕ್ಕ ಹಾಕಿದಾಗ ಅದರ ಸುತ್ತ ನೀರನ್ನು ಇಡುವಷ್ಟು ಶಕ್ತಿ ಅಂದಿನ ಯಂತ್ರಗಳಿಗೆ ಇರಲಿಲ್ಲ. ಆ ಲೆಕ್ಕ ಹಾಕಿದ ತಂಡದ ಮಾರ್ಟಿನ್ ಕಾರ್‌ಪ್ಲಸ್ ಅವರಿಗೆ ಮೈಕೆಲ್ ಲೆವಿಟ್ ಮತ್ತು ಆರಿಯೆ ವಾರ್ಷೆಲ್ ಅವರೊಂದಿಗೆ 2013ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದಿತು. ಆದ್ದರಿಂದ ಇದು ರಸಾಯನಶಾಸ್ತ್ರವೇ ಹೌದೋ ಅಲ್ಲವೋ ಎಂಬ ಸಂದೇಹ ನಿಮಗೆ ಬೇಡ.

ನೀರಿಗೆ ಇಷ್ಟು ಮಹತ್ವ ಏಕೆ ಎಂಬುದನ್ನು ಮಗಳಿಂದಲೇ ಕೇಳಿ ತಿಳಿಯಿರಿ. ಈ ವಿಷಯದ ಸೊಗಸೆಲ್ಲ ಅಲ್ಲಿದೆ. ಕೋಳಿಮೊಟ್ಟೆಯ ಬಿಳಿಭಾಗದಲ್ಲಿರುವ ಲೈಸೊಜೈಮ್ ಎಂಬ ಪ್ರೋಟೀನಿನಲ್ಲಿರುವುದು ಸುಮಾರು 2,000 ಪರಮಾಣು. ಅದರ ಸುತ್ತ ನೀರು ತುಂಬಿಸಿ ಲೆಕ್ಕಕ್ಕೆ ಕೂತರೆ ಪರಮಾಣುಗಳ ಸಂಖ್ಯೆ 30,000 ದಾಟಬಹುದು. ಅಂದರೆ ಕಂಪ್ಯೂಟರು ತನ್ನ ಬಹುಪಾಲು ಸಮಯವನ್ನು ನೀರಿಗಾಗಿಯೇ ವ್ಯಯಿಸುತ್ತದೆ. ಆ ವ್ಯಯ ವ್ಯರ್ಥವಲ್ಲ. ಸಾರಿನ ಮೇಲೆ ಬಿದ್ದ ಒಗ್ಗರಣೆಯ ಎಣ್ಣೆ ಹನಿಹನಿಯಾಗಿ ಒಂದಕ್ಕೊಂದು ಕೂಡಿಕೊಳ್ಳುವಂತೆ, ಪ್ರೋಟೀನಿನಲ್ಲಿ ನೀರಿಗೆ ಹೊಂದದ ಭಾಗಗಳು ಒಳಗೆ ಸೇರಿಕೊಳ್ಳುವುದರಿಂದಲೇ ಅದು ಮಡಚಿಕೊಂಡು ತನ್ನ ಆಕಾರ ಪಡೆಯುತ್ತದೆ. ಇನ್ನು ಕೆಲವೆಡೆ ಒಂದೇ ಒಂದು ನೀರಿನ ಅಣುವೂ ನಿರ್ಣಾಯಕವಾಗುತ್ತದೆ: ಎಚ್‌ಐವಿ ವೈರಾಣುವಿನ ಪ್ರೋಟಿಯೇಸ್ ಕಿಣ್ವದಲ್ಲಿ ಅಂಥ ಒಂದು ಅಣು ಕೂತಿರುವುದನ್ನು ಕಂಡ ವಿಜ್ಞಾನಿಗಳು, ಅದನ್ನು ಹೊರದೂಡಿ ಅದರ ಜಾಗದಲ್ಲಿ ತಾನೇ ಕೂರುವಂಥ ಔಷಧದ ಅಣುವನ್ನು ರೂಪಿಸಲು ಹೊರಟರು.

ಇನ್ನು ಜೀವನೋಪಾಯದ ಮಾತು. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಷಿಪ್) ಪಡೆದವರಿಗೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಬಳಿಕ 42,000 ರೂಪಾಯಿ ಫೆಲೋಷಿಪ್ ಇದೆ, ಹೀಗಾಗಿ ಪಿಎಚ್.ಡಿ.ಗಾಗಿ ನೀವು ಸಾಲ ಮಾಡಬೇಕಾಗಿಲ್ಲ. ಪದವಿಗೆ ಐದಾರು ವರ್ಷ, ಆನಂತರ ಬಹುಮಟ್ಟಿಗೆ ಹೊರದೇಶದಲ್ಲಿ ಕೆಲವು ವರ್ಷ ಪೋಸ್ಟ್‌ಡಾಕ್ (ಪಿಎಚ್.ಡಿ. ಮುಗಿಸಿದವರ ತಾತ್ಕಾಲಿಕ ಸಂಶೋಧನಾ ಕೆಲಸ), ಆಮೇಲಷ್ಟೇ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ. ಹುದ್ದೆಗಳು ಕಡಿಮೆ, ಅರ್ಹರು ಹೆಚ್ಚು. ಮೂವತ್ತು ದಾಟಿದರೂ ಕಾಯಂ ಕೆಲಸ ಸಿಗದೆ ಇರಬಹುದು. ಬಂಧುಗಳು ಕೇಳುವ ಪ್ರಶ್ನೆಗಳಿಗೆ ಆ ವರ್ಷಗಳಲ್ಲಿ ಮಗಳ ಪರವಾಗಿ ಉತ್ತರ ಹೇಳಬೇಕಾದವರು ನೀವು. ಅಧ್ಯಾಪನ ಸಿಗದಿದ್ದರೆ ಔಷಧ ವಿನ್ಯಾಸದ ಕಂಪನಿಗಳಲ್ಲಿ ಇದೇ ವಿದ್ಯೆಗೆ ಬೇಡಿಕೆಯಿದೆ.

ಊರು ಬಿಟ್ಟು ಬಹಳ ದೂರ ಹೋಗಬೇಕೆಂದೂ ಇಲ್ಲ. ಪ್ರೋಟೀನುಗಳ ರಚನೆಯ ಅಧ್ಯಯನಕ್ಕೆ ಹೆಸರಾದ ಜಿ. ಎನ್. ರಾಮಚಂದ್ರನ್ ಅವರು ಕಟ್ಟಿದ ಅಣು ಜೈವಿಕ ಭೌತವಿಜ್ಞಾನ ವಿಭಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ; 2022ರಲ್ಲಿ ಅದೇ ಸಂಸ್ಥೆಗೆ ಪರಮ್ ಪ್ರವೇಗ ಎಂಬ ಸೂಪರ್‌ಕಂಪ್ಯೂಟರ್ ಬಂದಿದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಆಹಾರದ ಪ್ರೋಟೀನುಗಳ ಮೇಲೆ ಪ್ರಯೋಗ ಮಾಡುವವರಿದ್ದಾರೆ. ಅಂಥವರ ಬಳಿ ಕೂತು, ಅವರು ಅಳೆದ ಸಂಖ್ಯೆಗಳ ಎದುರು ತನ್ನ ಲೆಕ್ಕವನ್ನು ಒರೆಗೆ ಹಚ್ಚುವ ಅಭ್ಯಾಸ ಮಗಳಿಗೆ ಈಗಲೇ ಆಗಲಿ. ಪರದೆಯ ಮೇಲೆ ಚೆಂದವಾಗಿ ಕಂಡದ್ದೆಲ್ಲ ನಿಜವಾಗಿರುವುದಿಲ್ಲ.

ಪ್ರಶ್ನೆ: ಪ್ರೋಟೀನಿನ ಆಕಾರವನ್ನು ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಹೇಳಿಬಿಡುತ್ತದೆ, 2024ರಲ್ಲಿ ಅದಕ್ಕೆ ನೊಬೆಲ್ ಕೂಡ ಬಂದಿದೆ. ಇನ್ನು ಈ ಕ್ಷೇತ್ರದಲ್ಲಿ ನಮಗೆ ಉಳಿದಿರುವ ಕೆಲಸವೇನು?
(ವಿದ್ಯಾರ್ಥಿನಿ, ಮೈಸೂರು)

ಉತ್ತರ: ಆಲ್ಫಾಫೋಲ್ಡ್ ಕೊಡುವುದು ಮುಖ್ಯವಾಗಿ ಸ್ಥಿರ ಆಕಾರವನ್ನು. ಔಷಧದ ಅಣು ಕಿಣ್ವವನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ, ಎಷ್ಟು ಬೇಗ ಬಿಡುತ್ತದೆ, ಆಗ ಜಾಗ ತೆರವು ಮಾಡುವ ನೀರು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಚಲನೆಯ ಲೆಕ್ಕವೇ ಬೇಕು. ಜೀವಕೋಶದ ಪೊರೆಯಲ್ಲಿರುವ ಅಕ್ವಪೋರಿನ್ ಎಂಬ ಪ್ರೋಟೀನು ನೀರನ್ನು ಒಳಬಿಟ್ಟೂ ಪ್ರೋಟಾನನ್ನು ತಡೆಯುವ ಬಗೆಯನ್ನು ವಿವರಿಸಲು ನೆರವಾದದ್ದು ಇಂಥ ಲೆಕ್ಕಗಳೇ. ನೀವು ಸಂಖ್ಯಾಕಲನೀಯ ಬಲವಿಜ್ಞಾನವನ್ನು (ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್) ಗಟ್ಟಿಯಾಗಿ ಓದಿ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯಿರಿ. ಇಂಥ ಲೆಕ್ಕಗಳನ್ನು ಮಾಡುವ ಗ್ರೋಮ್ಯಾಕ್ಸ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಲೈಸೊಜೈಮನ್ನು ನೀರಿನಲ್ಲಿಟ್ಟು ಮಾಡುವ ಮೊದಲ ಅಭ್ಯಾಸಕ್ಕೆ ಸಾಧಾರಣ ಲ್ಯಾಪ್‌ಟಾಪ್ ಸಾಕು, ಈ ರಜೆಯಲ್ಲೇ ತೊಡಗಬಹುದು.