ಬೆಟ್ಟಗುಡ್ಡ ಸ್ಕೆಚ್ ಮಾಡುವವರಿಗೆ ಬಿಯರ್ ಲೇಬಲ್ ಕೆಲಸ ಒಗ್ಗುತ್ತಾ?

ನಿಮ್ಮ ಪ್ರಶ್ನೆ ಓದಿದೆ. ಬೆಂಗಳೂರಲ್ಲಿ ಕೆಲಸ, ರಜೆ ಸಿಕ್ಕಾಗ ಸಾವನದುರ್ಗ, ನಂದಿಬೆಟ್ಟದ ಕಡೆ ಹೋಗಿ ಸ್ಕೆಚ್ ಮಾಡುತ್ತೀರಿ. ಈಗ ಒಂದು ಕ್ರಾಫ್ಟ್ ಬಿಯರ್ (ಸಣ್ಣ ಪ್ರಮಾಣದಲ್ಲಿ ತಯಾರಿಸುವ ಬಿಯರ್) ಕಂಪನಿಯವರು ಲೇಬಲ್ ಮಾಡಿಕೊಡಿ ಅಂದಿದ್ದಾರೆ. ಅದಕ್ಕೆ ಬೇರೆಯೇ ಶೈಲಿ ಕಲಿಯಬೇಕಾ, ಸ್ಕೆಚ್ ಪುಸ್ತಕ ಬದಿಗಿಡಬೇಕಾ ಅಂತ ಕೇಳಿದ್ದೀರಿ.

ದಯವಿಟ್ಟು ಬದಿಗಿಡಬೇಡಿ. ನಾನು ಶಿರಸಿ ಹತ್ತಿರದವಳು. ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಕಾಫಿ ಪೊಟ್ಟಣ, ಜೇನಿನ ಬಾಟಲಿ, ಬಿಯರ್ ಲೇಬಲ್, ಎಲ್ಲ ಹುಟ್ಟಿದ್ದು ಸ್ಕೆಚ್ ಪುಸ್ತಕದಲ್ಲೇ. ಪುಸ್ತಕ ತೆರೆಯದೆ ಮಾಡಲು ಹೋದ ಒಂದು ಲೇಬಲ್ ಕೆಟ್ಟಿತು. ಮೊದಲು ಅದನ್ನೇ ಹೇಳುತ್ತೇನೆ.

ಗೋವಾದ ಒಂದು ಸಣ್ಣ ಬ್ರೂವರಿಯವರು ಮುರುಗಲು ಹಾಕಿ ಗೋಧಿ ಬಿಯರ್ ಮಾಡಿದ್ದರು. ನೀವು ಕೋಕಂ ಅನ್ನುತ್ತೀರೇನೋ, ಮಂಗಳೂರಿನವರಿಗೆ ಅದು ಪುನರ್ಪುಳಿ. ಲೇಬಲ್ ಬೇಕಾಗಿದ್ದು ಜನವರಿಯಲ್ಲಿ. ಹಣ್ಣಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಹಾಗಾಗಿ ಇಂಟರ್ನೆಟ್ಟಿನ ನಾಲ್ಕಾರು ಫೋಟೋ ನೋಡಿಕೊಂಡು ಬಿಡಿಸಿಬಿಟ್ಟೆ. ದುಂಡು ಹಣ್ಣು, ಕಪ್ಪಿಗೆ ತಿರುಗಿದ ಕೆಂಪು, ತೊಟ್ಟಿನ ಹತ್ತಿರ ದಪ್ಪ ಎಸಳುಗಳ ಟೊಪ್ಪಿ. ಬ್ರೂವರಿಯವರು ಖುಷಿಪಟ್ಟರು. ಮನೆಯಲ್ಲಿ ಅಜ್ಜಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇದು ಮುರುಗಲಲ್ಲ ಕೂಸೇ. ಇಷ್ಟು ದೊಡ್ಡ ಟೊಪ್ಪಿ ಎಲ್ಲಿರ್ತು ಅದಕ್ಕೆ?" ಅಂದರು.

ಹೌದು, ನಾನು ಬಿಡಿಸಿದ್ದು ಮ್ಯಾಂಗೋಸ್ಟೀನ್. ಎರಡೂ ಗಾರ್ಸಿನಿಯಾ ಕುಲದ ಗಿಡಗಳೇ, ಫೋಟೋದಲ್ಲಿ ಸುಲಭಕ್ಕೆ ಬೆರೆತುಹೋಗುತ್ತವೆ. ಮುರುಗಲಿನ ಟೊಪ್ಪಿ ತೀರಾ ಚಿಕ್ಕದು. ಚಿಕ್ಕಂದಿನಿಂದ ಆ ಹಣ್ಣು ತಿಂದವಳು ನಾನು, ಆದರೂ ಕಣ್ಣಿಟ್ಟು ನೋಡಿರಲಿಲ್ಲ.

ಅವತ್ತು ಮಧ್ಯಾಹ್ನ ತೋಟದ ಅಂಚಿನ ಮುರುಗಲು ಮರದ ಎದುರು ಹೋಗಿ ಕೂತೆ. ಹಣ್ಣಿರಲಿಲ್ಲ, ಮರ ಇತ್ತಲ್ಲ. ಕೊಂಬೆಗಳು ಕೆಳಕ್ಕೆ ಜೋತುಬಿದ್ದು ಇಡೀ ಮರ ಗೋಪುರದ ಹಾಗೆ ಕಾಣುತ್ತಿತ್ತು. ಬಲಿತ ಎಲೆ ಕಡು ಹಸಿರು, ಚಿಗುರು ಮಾತ್ರ ಕೆಂಪು. ಎಲೆಗಳು ಕಡ್ಡಿಯ ಮೇಲೆ ಎದುರುಬದುರಾಗಿ ಜೋಡಿ ಜೋಡಿ. ಸಂಜೆ ಡಬ್ಬಿಯಲ್ಲಿದ್ದ ಒಣಸಿಪ್ಪೆ ತೆಗೆದು ಬಿಳಿ ಬಟ್ಟಲಲ್ಲಿ ನೆನೆಹಾಕಿದೆ. ಹತ್ತು ನಿಮಿಷಕ್ಕೆ ಬಿಟ್ಟ ಆ ಕೆಂಪು ಯಾವ ಫೋಟೋದಲ್ಲೂ ಇರಲಿಲ್ಲ. ಕೊನೆಗೆ ಲೇಬಲ್‌ಗೆ ಹೋಗಿದ್ದು ಆ ಜೋತ ಕೊಂಬೆ, ಕೆಂಪು ಚಿಗುರು, ಬಟ್ಟಲಿನ ಬಣ್ಣ. ಹಣ್ಣು ಒಂದೇ ಒಂದು, ಅಜ್ಜಿ ಒಪ್ಪಿದ ಟೊಪ್ಪಿಯ ಜೊತೆ. ಬ್ರೂವರಿಯವರಿಗೆ ವಿಷಯ ಹೇಳಿ ಹಳೆಯದನ್ನು ವಾಪಸ್ ತೆಗೆದುಕೊಂಡೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸ್ಕೆಚ್‌ನಲ್ಲಿ ಕಂಡದ್ದೆಲ್ಲ ಹಾಕಬಹುದು. ಲೇಬಲ್‌ಗೆ ಬಹಳಷ್ಟು ಬಿಡಬೇಕು. ಯಾವುದನ್ನು ಬಿಡಬೇಕು ಅನ್ನುವುದು ಕೂತು ಬಿಡಿಸಿದವರಿಗೇ ಗೊತ್ತಾಗುವುದು. ನಾನು ಮಾಡುವುದು ಹೀಗೆ. ಮೊದಲ ದಿನ ಎದುರಿಗೆ ಕೂತು ಒಂದು ಗಂಟೆ ಸ್ಕೆಚ್. ಮರುದಿನ ಪುಸ್ತಕ ಮುಚ್ಚಿ, ನೆನಪಿನಿಂದ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಅದನ್ನೇ ಮತ್ತೆ ಬಿಡಿಸುವುದು. ಕೈ ತಾನಾಗಿ ಏನು ಹಾಕಿತೋ ಅದನ್ನು ಇಟ್ಟುಕೊಳ್ಳುತ್ತೇನೆ. ಆಮೇಲೆ ಸ್ಕೆಚ್ ತೆರೆದು ತಪ್ಪಿದ್ದನ್ನು ತಿದ್ದುತ್ತೇನೆ.

ಬೆಟ್ಟಗಳಿಗೂ ಇದೇ. ನಮ್ಮ ಕಡೆ ಯಾಣದಲ್ಲಿ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಎತ್ತರ. ಕಪ್ಪು ಸುಣ್ಣದಕಲ್ಲು. ಮಳೆ ಕೊರೆದು ಕೊರೆದು ಅಂಚೆಲ್ಲ ಗರಗಸದ ಹಾಗೆ. ನಿಮ್ಮ ಸಾವನದುರ್ಗ ಗ್ರಾನೈಟ್. ಅಂಚು ನುಣುಪು, ಬೆನ್ನು ದುಂಡಗೆ, ನೀರು ಇಳಿದ ಕಡೆ ಮೇಲಿಂದ ಕೆಳಗೆ ಕಪ್ಪು ಪಟ್ಟೆ. ಇವೆರಡಕ್ಕೂ ಒಂದೇ ತ್ರಿಕೋನ ಹಾಕಿ ಹಿಂದೆ ಸೂರ್ಯನನ್ನು ಇಟ್ಟ ಲೇಬಲ್‌ಗಳು ಎಷ್ಟೋ ಇವೆ. ನೋಡಿದಾಗ ನನಗೆ ನಿಜಕ್ಕೂ ಬೇಸರ ಆಗುತ್ತದೆ. ಆ ಕಪ್ಪು ಪಟ್ಟೆ ಇದ್ದರೆ ಸಾಕು, ಅದು ನಿಮ್ಮ ಬೆಟ್ಟ ಅಂತ ಗೊತ್ತಾಗುತ್ತದೆ. ಇಲ್ಲಿಯ ಅಡಿಕೆ ತೋಟವೂ ಅಷ್ಟೇ. ಮಳೆಗಾಲದಲ್ಲಿ ಕೊಳೆರೋಗ ಬಾರದಿರಲಿ ಅಂತ ಅಡಿಕೆ ಗೊನೆಗಳಿಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿರುತ್ತಾರೆ. ಚಿತ್ರ ಚಂದ ಕಾಣಲಿ ಅಂತ ಜನ ಅದನ್ನು ಬಿಟ್ಟುಬಿಡುತ್ತಾರೆ. ನಾನು ಹಾಕುತ್ತೇನೆ. ಜುಲೈ ತಿಂಗಳ ತೋಟ ಇರುವುದೇ ಹಾಗಲ್ವಾ?

ಹೊಸದಾಗಿ ಕಲಿಯಬೇಕಾದ್ದು ಪ್ರಿಂಟಿಂಗ್. ಮಾಮೂಲಿ ಬಿಯರ್ ಕ್ಯಾನ್‌ನ ಅಡ್ಡಳತೆ ಸುಮಾರು 66 ಮಿಲಿಮೀಟರ್, ಅಂದರೆ ಸುತ್ತಳತೆ 207ರ ಆಸುಪಾಸು. ಎದುರಿಂದ ಚೆನ್ನಾಗಿ ಕಾಣುವುದು ಅದರಲ್ಲಿ ಮೂರನೇ ಒಂದು ಪಾಲು ಮಾತ್ರ. ಮುಖ್ಯವಾದದ್ದು ಆ ಎಪ್ಪತ್ತು ಮಿಲಿಮೀಟರ್ ಒಳಗೇ ಬರಬೇಕು. ಕಂಪ್ಯೂಟರ್ ಪರದೆ ಮೇಲೆ ನೋಡಿ ಸರಿ ಇದೆ ಅನ್ನಬೇಡಿ. ಪ್ರಿಂಟ್ ತೆಗೆದು ಕ್ಯಾನಿಗೆ ಸುತ್ತಿ, ಆರೇಳು ಅಡಿ ದೂರದಲ್ಲಿಟ್ಟು ನೋಡಿ.

ಬಣ್ಣದಲ್ಲಿ ಜಾಸ್ತಿ ಮೋಸ ಹೋಗುವುದು ಹಸಿರಲ್ಲಿ. ಪರದೆಯಲ್ಲಿ ಹೊಳೆಯುವ ಗದ್ದೆ ಹಸಿರು ನಾಲ್ಕು ಬಣ್ಣದ ಪ್ರಿಂಟಿನಲ್ಲಿ ಮಂಕಾಗುತ್ತದೆ. ಮೊದಲಿಂದಲೇ ಸಿಎಂವೈಕೆಯಲ್ಲಿ, ಅಂದರೆ ಪ್ರಿಂಟಿನ ಆ ನಾಲ್ಕು ಬಣ್ಣಗಳ ಲೆಕ್ಕದಲ್ಲೇ ಕೆಲಸ ಮಾಡಿ. ಪ್ರೆಸ್ಸಿನವರ ಹತ್ತಿರ ಒಂದು ಪ್ರೂಫ್, ಅಂದರೆ ಮಾದರಿ ಪ್ರಿಂಟ್ ಕೇಳಿ, ಅದೂ ಲೇಬಲ್‌ಗೆ ಬಳಸುವ ಕಾಗದದ ಮೇಲೆಯೇ. ಕ್ಯಾನ್ ಐಸಿನಲ್ಲಿ ನೆನೆಯುತ್ತದೆ, ಸಾದಾ ಕಾಗದ ಎದ್ದುಬರುತ್ತದೆ. ಆರೋಗ್ಯದ ಎಚ್ಚರಿಕೆ, ಮದ್ಯಸಾರದ ಪ್ರಮಾಣ ಇವಕ್ಕೆ ಎಷ್ಟು ಜಾಗ ಬೇಕು ಅಂತ ಸ್ಕೆಚ್ ಹಂತದಲ್ಲೇ ಕೇಳಿಕೊಳ್ಳಿ. ಲೇಬಲ್‌ಗೆ ಆಯಾ ರಾಜ್ಯದ ಅಬಕಾರಿ ಇಲಾಖೆಯ ಒಪ್ಪಿಗೆ ಬೇಕು. ಒಪ್ಪಿಗೆ ಆದಮೇಲೆ ಎಲೆ ಸ್ವಲ್ಪ ಸರಿಸೋಣ ಅಂದರೆ ಆಗುವುದಿಲ್ಲ.

ದುಡ್ಡಿನ ವಿಷಯ ಮೊದಲೇ ಬರವಣಿಗೆಯಲ್ಲಿ ಇರಲಿ. ಚಿತ್ರ ಬರೀ ಕ್ಯಾನಿಗಾ, ಟೀ ಶರ್ಟಿಗೂ ಬಳಸುತ್ತಾರಾ, ಎಷ್ಟು ವರ್ಷ, ಎಲ್ಲ ಬರೆಸಿಕೊಳ್ಳಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಬರೆದುಕೊಡುವಾಗ ಅವಧಿ ಹೇಳದಿದ್ದರೆ ಅದನ್ನು 5 ವರ್ಷ ಅಂತ ಹಿಡಿಯುತ್ತಾರೆ.

ಇನ್ನೊಂದು. ಬಿಯರ್ ಅಂದಮೇಲೆ ಅವರು ಹಾಪ್ಸ್, ಅಂದರೆ ಬಿಯರಿಗೆ ಹಾಕುವ ಒಂದು ಬಳ್ಳಿಯ ಹೂವು, ಬಿಡಿಸಿ ಅಂತ ಕೇಳೇ ಕೇಳುತ್ತಾರೆ. ನಮ್ಮ ದೇಶದಲ್ಲಿ ಅದನ್ನು ಬೆಳೆಯುವುದು ಹಿಮಾಚಲದ ಲಾಹೌಲ್ ಕಣಿವೆಯ ಕಡೆ, ನಮಗೆ ಬಳ್ಳಿ ನೋಡಲು ಸಿಗುವುದಿಲ್ಲ. ಅದಕ್ಕೇ ಎಲ್ಲರೂ ದ್ರಾಕ್ಷಿಯ ಹಾಗೆ ಸುರುಳಿ ಕುಡಿ ಹಾಕಿಬಿಡುತ್ತಾರೆ. ಹಾಪ್ಸ್‌ಗೆ ಅಂಥ ಸುರುಳಿ ಕುಡಿಯೇ ಇಲ್ಲ. ಕಾಂಡದ ಮೇಲೆ ಕೊಕ್ಕೆಯಂಥ ರೋಮ ಇರುತ್ತದೆ, ಅದರಿಂದ ಹಿಡಿದುಕೊಂಡು ಕಾಂಡವೇ ಆಸರೆಗೆ ಸುತ್ತುತ್ತದೆ, ಅದೂ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ. ಬ್ರೂವರಿಯವರ ಹತ್ತಿರ ಒಣಗಿದ ಹಾಪ್ಸ್ ಒಂದು ಹಿಡಿ ಕೇಳಿ. ಒಂದನ್ನು ಬಿಚ್ಚಿ ನೋಡಿದರೆ ಎಸಳಿನ ಬುಡದಲ್ಲಿ ಹಳದಿ ಪುಡಿ ಕಾಣುತ್ತದೆ. ಬಿಯರಿನ ಕಹಿ ಬರುವುದು ಅದರಿಂದ. ಪುಡಿಮಾಡಿ ಒತ್ತಿದ ಪೆಲೆಟ್ ಕೊಡಲು ಬಂದರೆ ಬೇಡ ಅನ್ನಿ, ಎಸಳು ಎಸಳಾಗಿ ಇರುವ ಇಡೀ ಹೂವೇ ಬೇಕು ಅನ್ನಿ.